ಹಡಗಿನ ಆಯಗಾರರು

648 ಡಾಲರ್. ಹಡಗು ಫುಕೆಟ್ ಬಿಟ್ಟು ಸಿಂಗಪುರದ ಕಡೆ ತಿರುಗಿತ್ತು. ಕೊನೆಯ ದಿನ ಸಂಜೆ ಕಾಕಾ ಫೋನಿನಲ್ಲಿ ನಮ್ಮ ಲೆಕ್ಕ ತೆಗೆದು ನೋಡಿದರು. ಒಂಬತ್ತು ಜನ, ನಾಲ್ಕು ದಿನ, ತಲೆಗೆ ದಿನಕ್ಕೆ 18 ಡಾಲರ್. ಆಗಿನ ದರದಲ್ಲಿ ನಮ್ಮ ದುಡ್ಡು ಹತ್ತಿರ ಹತ್ತಿರ 55 ಸಾವಿರ ರೂಪಾಯಿ. ಪಕ್ಕದಲ್ಲಿ ಬರೆದಿದ್ದ ಹೆಸರು ಗ್ರ್ಯಾಚ್ಯುಟಿ.

"ಗ್ರ್ಯಾಚ್ಯುಟಿ ಅಂದ್ರ ರಿಟೈರ್ ಆದ ಮ್ಯಾಲೆ ಕೊಡೂದಲ್ಲೇನೋ?" ಅಂತ ಕೇಳಿದರು. ಕಾಕಾ ಸರ್ಕಾರಿ ನೌಕರಿ ಮಾಡಿ ನಿವೃತ್ತರಾದವರು, ಅವರಿಗೆ ಆ ಪದಕ್ಕೆ ಇರುವುದು ಅದೊಂದೇ ಅರ್ಥ. ಹಡಗಿನಲ್ಲಿ ಅದಕ್ಕೆ ಟಿಪ್ಸ್ ಅಂತ ಅರ್ಥ. ನಮ್ಮ ಹಿರಿಯರು ಭಕ್ಷೀಸು ಅಂತಾರಲ್ಲ, ಅದು. ನಾವು ಯಾರ ಕೈಗೂ ಒಂದು ಪೈಸೆ ಇಡುವ ಮೊದಲೇ ಅದು ಬಿಲ್ಲಿನಲ್ಲಿ ಬಂದು ಕೂತಿತ್ತು.

ಹುಬ್ಬಳ್ಳಿಗೆ ವಾಪಸ್ ಬಂದ ಮೇಲೆ ಪರಿಚಯದ ಮೂರ್ನಾಲ್ಕು ಮನೆಯವರು ಕ್ರೂಸ್ ಹೇಗಿತ್ತು, ಎಷ್ಟು ಖರ್ಚಾಯಿತು ಅಂತ ವಿಚಾರಿಸಿದರು. ಅವರಲ್ಲಿ ಇಬ್ಬರು "ಆ ಟಿಪ್ಸ್ ಕೌಂಟರಿಗೆ ಹೋಗಿ ತಗಸಬಹುದಂತಲ್ರೀ?" ಅಂತಲೂ ಕೇಳಿದರು. ಹೌದು, ತೆಗೆಸಬಹುದು. ನಾವೂ ತೆಗೆಸಬೇಕು ಅಂತಲೇ ಕೌಂಟರ್ ಮುಂದೆ ಸಾಲಿನಲ್ಲಿ ನಿಂತಿದ್ದೆವು. ಯಾಕೆ ತೆಗೆಸದೆ ಬಂದೆವು ಅಂತ ಅವರಿಗೆ ನಿಂತ ನಿಲುವಿನಲ್ಲಿ ಹೇಳೋಕೆ ಆಗಲಿಲ್ಲ. ಅದಕ್ಕೇ ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ.

ಅಪ್ಪ ಹೋದ ಮೇಲೆ ಅವ್ವ ಮನೆ ಬಿಟ್ಟು ಎಲ್ಲೂ ಬಂದಿರಲಿಲ್ಲ. ಮೊಣಕಾಲು ನೋವು, ಬೆಟ್ಟ ಗುಡ್ಡ ಹತ್ತುವ ಊರು ಆಗುವುದಿಲ್ಲ, ದಿನಾ ಒಂದು ಹೋಟೆಲ್ ಬದಲಿಸಿ ಪೆಟ್ಟಿಗೆ ಕಟ್ಟುವ ಟೂರ್ ಅಂತೂ ಬೇಡವೇ ಬೇಡ. ಹಡಗಾದರೆ ರೂಮು ಒಂದೇ, ಊರುಗಳೇ ನಮ್ಮ ಹತ್ತಿರ ಬರುತ್ತವೆ ಅಂತ ನನ್ನ ತಮ್ಮ ಹೇಳಿದ. ಕಾಕಾನ ಮಗ ಅವನು. ಡಿಸೆಂಬರ್ ರಜೆಯಲ್ಲಿ ವಂದೇ ಭಾರತ್ ಹತ್ತಿ ಬೆಂಗಳೂರಿಗೆ ಹೋಗಿ, ಅಲ್ಲಿಂದ ಸಿಂಗಪುರಕ್ಕೆ ವಿಮಾನ, ಅಲ್ಲಿ ಮರೀನಾ ಬೇ ಕ್ರೂಸ್ ಸೆಂಟರ್‌ನಲ್ಲಿ ಹಡಗು. ನಾಲ್ಕು ರಾತ್ರಿ, ನಡುವೆ ಪೆನಾಂಗ್ ಮತ್ತು ಫುಕೆಟ್. ಅವ್ವ, ಕಾಕಾ, ಕಾಕು, ತಮ್ಮ, ಅವನ ಹೆಂಡತಿ, ನಾನು, ನನ್ನ ಹೆಂಡತಿ, ಮಗಳು, ಮಗ. ನಾಲ್ಕು ಕ್ಯಾಬಿನ್, ಎಲ್ಲದರ ಲೆಕ್ಕ ಕಾಕಾರ ಒಂದೇ ಕಾರ್ಡಿಗೆ. ಬುಕಿಂಗ್ ಮಾಡಿಕೊಟ್ಟ ಏಜೆಂಟ್ "ಊಟ, ರೂಮು, ಶೋ ಎಲ್ಲಾ ಅದರಾಗ ಬಂತ್ರೀ" ಅಂದಿದ್ದರು. ಟಿಪ್ಸ್ ಮಾತೇ ಎತ್ತಿರಲಿಲ್ಲ. ನಾವೂ ಕೇಳಿರಲಿಲ್ಲ.

ನೀವು ಹೋಗುವವರಿದ್ದರೆ ಇದನ್ನು ಮೊದಲು ಕೇಳಿ. ಹೆಚ್ಚಿನ ಅಂತರರಾಷ್ಟ್ರೀಯ ಹಡಗುಗಳಲ್ಲಿ ಒಬ್ಬರಿಗೆ ದಿನಕ್ಕೆ 16ರಿಂದ 20 ಡಾಲರ್ ಹೀಗೆ ತಾನಾಗಿಯೇ ಲೆಕ್ಕಕ್ಕೆ ಬೀಳುತ್ತದೆ, ದೊಡ್ಡ ಸ್ವೀಟ್ ರೂಮು ತಗೊಂಡರೆ ಇನ್ನೂ ಜಾಸ್ತಿ. ಮಕ್ಕಳಿಗೂ ಸಾಮಾನ್ಯವಾಗಿ ಪೂರ್ತಿ ದರವೇ. ಟಿಕೆಟ್ ತಗೊಳ್ಳುವಾಗಲೇ ಇದನ್ನು ಕಟ್ಟಿಬಿಡಬಹುದು, ಆಗ ಕೊನೆಯ ಸಂಜೆ ಎದೆ ಧಸಕ್ ಅನ್ನುವುದಿಲ್ಲ. ಹಡಗಿನಲ್ಲಿ ಬೇರೆಯಾಗಿ ಕಾಫಿ, ಜ್ಯೂಸ್, ಕೂಲ್‌ಡ್ರಿಂಕ್ಸ್ ತಗೊಂಡರೆ ಅದರ ಮೇಲೆ ಹೆಚ್ಚು ಕಡಿಮೆ 18 ಪರ್ಸೆಂಟ್ ಟಿಪ್ಸ್ ಸೇರಿಸಿಯೇ ಚೀಟಿ ಕೊಡುತ್ತಾರೆ. ಆ ಚೀಟಿಯಲ್ಲಿ ಕೆಳಗೆ ಇನ್ನೊಂದು ಖಾಲಿ ಗೆರೆ ಇರುತ್ತದೆ. ಅದು ನಿಮಗೆ ಮನಸ್ಸಿದ್ದರೆ ಮೇಲೆ ಕೊಡುವುದಕ್ಕೆ. ತುಂಬಲೇಬೇಕು ಅಂತಿಲ್ಲ. ನನ್ನ ತಮ್ಮ ಗೊತ್ತಿಲ್ಲದೆ ಎರಡು ಸಲ ತುಂಬಿದ್ದ.

ಟಿಪ್ಸ್ ಮಾತಿಗೆ ಆಮೇಲೆ ಬರುತ್ತೇನೆ. ಅದಕ್ಕೂ ಮೊದಲು ಹಡಗಿನಲ್ಲಿ ನಮ್ಮ ನಡವಳಿಕೆ ಬಗ್ಗೆ ಹೇಳಬೇಕು, ಯಾಕಂದರೆ ಎರಡೂ ಒಂದಕ್ಕೊಂದು ಅಂಟಿಕೊಂಡೇ ಇವೆ.

ಹತ್ತಿದ ದಿನ ಹಡಗು ಬಿಡುವ ಮೊದಲು ಮಸ್ಟರ್ ಡ್ರಿಲ್ ಅಂತ ಇರುತ್ತದೆ. ಅಪಾಯ ಬಂದರೆ ನಿಮ್ಮ ಗುಂಪು ಎಲ್ಲಿ ಸೇರಬೇಕು, ಲೈಫ್ ಜಾಕೆಟ್ ಹೇಗೆ ಹಾಕಿಕೊಳ್ಳಬೇಕು ಅಂತ ತೋರಿಸುತ್ತಾರೆ. ಏಳು ಸಣ್ಣ ಸೀಟಿ, ಕೊನೆಗೆ ಒಂದು ಉದ್ದ ಸೀಟಿ ಕೇಳಿದರೆ ಅಲ್ಲಿಗೆ ಹೋಗಬೇಕು. ನಮ್ಮ ಜೊತೆ ಹತ್ತಿದ ಸುಮಾರು ಜನ ಆ ಹೊತ್ತಿನಲ್ಲಿ ಊಟದ ಕಡೆ ಓಡಿದರು, ಸಿಬ್ಬಂದಿ ಅವರನ್ನು ಹುಡುಕಿ ಹುಡುಕಿ ಕರೆತರಬೇಕಾಯಿತು. ನನಗೆ ಅದು ತಡೆಯಲಿಲ್ಲ. 2012ರ ಜನವರಿ 13ರಂದು ಇಟಲಿ ತೀರದಲ್ಲಿ ಕೋಸ್ಟಾ ಕಾಂಕಾರ್ಡಿಯಾ ಹಡಗು ಬಂಡೆಗೆ ಬಡಿದು ಮಗುಚಿತು, 32 ಜನ ಸತ್ತರು. ಅವತ್ತೇ ಹತ್ತಿದ್ದ ನೂರಾರು ಜನರಿಗೆ ಇನ್ನೂ ಡ್ರಿಲ್ಲೇ ಆಗಿರಲಿಲ್ಲ. ಆಗಿನ ನಿಯಮದಲ್ಲಿ 24 ಗಂಟೆಯೊಳಗೆ ಮಾಡಿದರೆ ಸಾಕಿತ್ತು. ಹಡಗು ಬಿಡುವ ಮೊದಲು, ಇಲ್ಲವೇ ಬಿಟ್ಟ ತಕ್ಷಣ ಆಗಲೇಬೇಕು ಅನ್ನುವ ನಿಯಮ ಬಂದದ್ದು ಅದಾದ ಮೇಲೆ. ಹದಿನೈದು ನಿಮಿಷದ ಕೆಲಸ. ಮಕ್ಕಳ ಕೈ ಹಿಡಿದು ಆ ಜಾಗ ತೋರಿಸಿ, ಆಮೇಲೆ ಊಟಕ್ಕೆ ಹೋಗಿ.

ಕಾಕುನ ಕರೆಂಟ್ ಕೆಟಲ್ ಸ್ಕ್ಯಾನಿಂಗ್‌ನಲ್ಲೇ ಹಿಡಿದುಕೊಂಡರು. ಬೆಂಕಿಯ ಭಯಕ್ಕೆ ಕೆಟಲ್, ಇಸ್ತ್ರಿಪೆಟ್ಟಿಗೆ ಯಾವುದನ್ನೂ ಒಳಗೆ ಬಿಡುವುದಿಲ್ಲ. ಚೀಟಿ ಕೊಟ್ಟು ಇಟ್ಟುಕೊಂಡರು, ಇಳಿಯುವಾಗ ವಾಪಸ್ ಕೊಟ್ಟರು. ಅಂಗಡಿಯ ಪ್ಯಾಕೆಟ್ ಒಡೆಯದ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿಗೆ ಯಾರೂ ಏನೂ ಅನ್ನಲಿಲ್ಲ. ಮನೆಯಲ್ಲಿ ಮಾಡಿದ ಅಡುಗೆ ಮಾತ್ರ ತರಬೇಡಿ ಅನ್ನುತ್ತಾರೆ.

ಇನ್ನು ಬಫೆ. ಇಲ್ಲಿ ಸ್ವಲ್ಪ ನಿಂತು ಹೇಳಬೇಕು. ಒಳಗೆ ಹೋಗುವ ಬಾಗಿಲಲ್ಲೇ ಕೈ ತೊಳೆಯುವ ನಲ್ಲಿ ಇರುತ್ತವೆ, ಪಕ್ಕದಲ್ಲಿ ಒಬ್ಬರು ನಿಂತು ಬಂದವರಿಗೆಲ್ಲ ನಗುತ್ತಾ ಕೈ ತೊಳೆಯಿರಿ ಅನ್ನುತ್ತಿರುತ್ತಾರೆ. ಸುಮ್ನೆ ಹೇಳುವುದಲ್ಲ ಅದು. ನೊರೊವೈರಸ್ ಅನ್ನುವ ವಾಂತಿ ಭೇದಿಯ ಸೋಂಕು ಹಡಗಿನಂಥ ಮುಚ್ಚಿದ ಜಾಗದಲ್ಲಿ ಬಲು ಬೇಗ ಹರಡುತ್ತದೆ. ಸ್ಯಾನಿಟೈಸರ್ ಅದಕ್ಕೆ ಸರಿಯಾಗಿ ನಾಟುವುದಿಲ್ಲ, ಸೋಪು ನೀರೇ ಬೇಕು. ನಾವು ಊಟಕ್ಕೆ ಮೊದಲು ಕೈ ತೊಳೆಯುವ ಜನ, ಇದು ನಮಗೆ ಹೊಸದೇನಲ್ಲ ಅಲ್ವಾ? ಆದರೂ ಆ ಹುಡುಗನನ್ನು ದಾಟಿಕೊಂಡು ಸೀದಾ ಪ್ಲೇಟಿಗೆ ಕೈ ಹಾಕಿದವರನ್ನು ದಿನಾ ನೋಡಿದೆ.

ನನ್ನ ಮಗ ಮೊದಲ ದಿನ ಒಂದು ಪ್ಲೇಟಿನಲ್ಲಿ ಎರಡು ತುಂಡು ಪಿಜ್ಜಾ, ಪಾಸ್ತಾ, ಕಲ್ಲಂಗಡಿ, ಮೂರು ಥರದ ಕೇಕು ಹಾಕಿಕೊಂಡು ಬಂದ. ಒಂದೊಂದು ತುತ್ತು ತಿಂದು ಎದ್ದ. ಪಾಸ್ತಾದ ಸಾರು ಕೇಕಿನ ಕೆಳಗೆ ಹರಿದು ಕಲ್ಲಂಗಡಿ ಎಲ್ಲ ಕೆಂಪಗೆ ಎಣ್ಣೆ ಎಣ್ಣೆಯಾಗಿತ್ತು. ಪ್ಲೇಟ್ ಎತ್ತಲು ಬಂದ ಹುಡುಗಿ ಏನೂ ಅನ್ನಲಿಲ್ಲ, ಒಂದು ಕ್ಷಣ ಅದನ್ನೇ ನೋಡಿದಳು, ಆಮೇಲೆ ಅವನ ಕಡೆ ನಕ್ಕು ಎತ್ತಿಕೊಂಡು ಹೋದಳು. ಅವ್ವ ಎದುರಿಗೇ ಕೂತಿದ್ದಳು. "ಸಿದ್ಧಾರೂಢರ ಮಠದಾಗ ಪ್ರಸಾದಕ್ಕ ಕುಂತಾಗ ಹಿಂಗ ಬಿಟ್ಟು ಏಳ್ತಿಯೇನು?" ಅಂತ ಕೇಳಿದಳು. ಅವನು ಇಲ್ಲ ಅಂತ ತಲೆ ಆಡಿಸಿದ. "ಮತ್ತ ಇಲ್ಲಿ ಯಾಕ?" ಅಂದಳು, ಅಷ್ಟೇ. ರಾತ್ರಿ ಊಟಕ್ಕೆ ಅವನ ಪಕ್ಕದಲ್ಲೇ ಕೂತು ಮೊದಲು ಒಂದೇ ತುಂಡು ಪಿಜ್ಜಾ ಹಾಕಿಸಿದಳು. ತಿಂದು ಮುಗಿಸಿದ ಮೇಲೆ ಇನ್ನೊಂದು ಸಲ ಕಳಿಸಿದಳು. ಎಷ್ಟು ಸಲ ಬೇಕಾದರೂ ಹೋಗಿ ತರಬಹುದು ಅನ್ನುವುದೇ ಬಫೆಯ ಅನುಕೂಲ, ಒಂದೇ ಸಲಕ್ಕೆ ರಾಶಿ ಹಾಕಿಕೊಳ್ಳುವ ಅವಶ್ಯಕತೆಯೇ ಇಲ್ಲ.

ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಈಜುಕೊಳದ ಪಕ್ಕದ ಕುರ್ಚಿಗಳಿಗೆ ಬೆಳಿಗ್ಗೆಯೇ ಟವೆಲ್ ಹಾಸಿ ಜಾಗ ಹಿಡಿದು ತಿಂಡಿಗೆ ಹೋಗಬೇಡಿ, ಸ್ವಲ್ಪ ಹೊತ್ತಾದರೆ ಸಿಬ್ಬಂದಿ ಟವೆಲ್ ತೆಗೆದಿಡುತ್ತಾರೆ. ಅದು ಸರಿಯೂ ಹೌದು. ಡೈಪರ್ ಹಾಕುವ ಕೂಸನ್ನು ದೊಡ್ಡವರ ಕೊಳಕ್ಕೆ ಇಳಿಸಬೇಡಿ. ಲಿಫ್ಟಿನಲ್ಲಿ ಒಳಗಿದ್ದವರು ಹೊರಗೆ ಬಂದ ಮೇಲೆ ಹೋಗಿ, ಗಾಲಿಕುರ್ಚಿಯವರು ಕಾಯುತ್ತಿದ್ದರೆ ಅವರಿಗೆ ಮೊದಲು ಬಿಡಿ. ಕಾರಿಡಾರ್ ಬಹಳ ಉದ್ದ, ಗೋಡೆ ಬಹಳ ತೆಳು. ಎರಡನೇ ರಾತ್ರಿ ತಮ್ಮನ ಕ್ಯಾಬಿನ್‌ನಲ್ಲಿ ನಾವೆಲ್ಲ ಸೇರಿ ಒಂದೂವರೆಯ ತನಕ ಅಂತ್ಯಾಕ್ಷರಿ ಆಡಿದೆವು. ಕೆಳಗಿನಿಂದ ಫೋನ್ ಬಂತು, ಬಹಳ ಮೆತ್ತಗೆ ಹೇಳಿದರು. ಬೆಳಿಗ್ಗೆ ಪಕ್ಕದ ಕ್ಯಾಬಿನ್‌ನಿಂದ ಕೋಲು ಹಿಡಿದ ಒಬ್ಬ ಅಜ್ಜಿ ಹೊರಗೆ ಬಂದರು. ನಾವು ಅವರ ಬಳಿ ಹೋಗಿ ಕ್ಷಮೆ ಕೇಳಿದೆವು.

ಈಗ ನಮ್ಮ ಕ್ಯಾಬಿನ್ ನೋಡಿಕೊಳ್ಳುತ್ತಿದ್ದ ಹುಡುಗನ ಬಗ್ಗೆ.

ಗೋವಾದವನು. ಅವ್ವ ಅವನ ಜೊತೆ ತನಗೆ ಬರುವಷ್ಟು ಹಿಂದಿಯಲ್ಲಿ ಮಾತಾಡುತ್ತಿದ್ದಳು. ನಾವು ಹುಬ್ಬಳ್ಳಿಯವರು ಅಂದಾಗ ಅವನ ಮುಖ ಅರಳಿತು. ದೂಧಸಾಗರದ ಕೆಳಗೆ ರೈಲು ಬಯಲಿಗೆ ಇಳಿಯುವ ಕಡೆ ಅವನ ಊರು. ಹುಬ್ಬಳ್ಳಿ ಗಾಡಿ ದಿನಾ ನಮ್ಮ ಮನೆ ಹಿಂದೆಯೇ ಹೋಗುತ್ತದೆ ಅಂದ. ಸಮುದ್ರದ ನಡುವೆ ಕ್ಯಾಸಲ್‌ರಾಕ್ ಘಾಟಿನ ಮಾತು ಬಂತು ಅಂತ ಅವ್ವನಿಗೆ ಎಷ್ಟು ಖುಷಿ ಆಯಿತು ಅಂದರೆ, ಅವತ್ತಿನಿಂದ ಅವನು ಅವಳಿಗೆ ನಮ್ಮೂರ ಕಡೆಯ ಹುಡುಗನೇ ಆಗಿಬಿಟ್ಟ. ದಿನಕ್ಕೆ ಎರಡು ಸಲ ಬರುತ್ತಿದ್ದ. ಬೆಳಿಗ್ಗೆ ಹಾಸಿಗೆ, ಬಚ್ಚಲು, ಕಸ. ಸಂಜೆ ನಾವು ಊಟಕ್ಕೆ ಹೋದಾಗ ಮತ್ತೆ ಎಲ್ಲ ಸರಿ ಮಾಡಿ ಟವೆಲಿನಲ್ಲಿ ಒಂದು ಆನೆ ಮಾಡಿ ಇಟ್ಟು ಹೋಗುತ್ತಿದ್ದ. ಮಗಳು ಅದನ್ನು ಬಿಚ್ಚಲು ಬಿಡದೆ ಮೈ ಒರೆಸಲು ಬೇರೆ ಟವೆಲ್ ಕೇಳುತ್ತಿದ್ದಳು.

ಒಮ್ಮೆ ಅವ್ವನಿಗೆ ನೀರಿನ ಲೋಟ ಕೊಡುವಾಗ ಅವನ ಕೈ ಹತ್ತಿರದಿಂದ ನೋಡಿದೆ. ಬೆರಳ ಗೆಣ್ಣುಗಳಲ್ಲಿ ಚರ್ಮ ಒಡೆದು ಬೆಳ್ಳಗೆ ಗೀರು ಬಿದ್ದಿತ್ತು, ಬಚ್ಚಲು ತೊಳೆಯುವ ದ್ರಾವಣಕ್ಕೆ ಇರಬೇಕು. ಎರಡು ಬೆರಳಿಗೆ ಪಟ್ಟಿ ಸುತ್ತಿದ್ದ. ಅವ್ವ ಕೊಬ್ಬರಿ ಎಣ್ಣೆ ಹಚ್ಚಿಕೋ ಅಂತ ತನ್ನ ಸಣ್ಣ ಬಾಟಲಿ ಕೊಟ್ಟಳು. ನಿನಗೆ ಎಷ್ಟು ರೂಮು ಅಂದದ್ದಕ್ಕೆ ಹದಿನಾರು ಅಂದ. ರಜೆ ಯಾವಾಗ ಅಂದದ್ದಕ್ಕೆ, ಎಂಟು ತಿಂಗಳ ಕಾಂಟ್ರ್ಯಾಕ್ಟ್, ಅದು ಮುಗಿದ ಮೇಲೆ ಮನೆ, ಅಲ್ಲಿಯ ತನಕ ವಾರದ ರಜೆ ಇಲ್ಲ ಅಂದ. ಈ ಸಲದ ಚೌತಿ ಹಡಗಿನಲ್ಲೇ ಆಯಿತಂತೆ.

ಇದು ಅವನೊಬ್ಬನ ಕತೆ ಅಲ್ಲ. ಹಡಗಿನ ಹೋಟೆಲ್ ಕೆಲಸದವರ ಕಾಂಟ್ರ್ಯಾಕ್ಟ್ ಸಾಮಾನ್ಯವಾಗಿ ಆರರಿಂದ ಒಂಬತ್ತು ತಿಂಗಳು. ಏಳೂ ದಿನ ಕೆಲಸ. 2006ರ ಕಡಲ ಕಾರ್ಮಿಕ ಒಪ್ಪಂದ ಅಂತ ಒಂದಿದೆ, 2013ರ ಆಗಸ್ಟ್‌ನಲ್ಲಿ ಜಾರಿಗೆ ಬಂತು, ನಮ್ಮ ದೇಶ 2015ರಲ್ಲಿ ಒಪ್ಪಿಕೊಂಡಿತು. ಅದು ಹಾಕಿರುವ ಮಿತಿಯೇ ದಿನಕ್ಕೆ 14 ಗಂಟೆ, ವಾರಕ್ಕೆ 72 ಗಂಟೆ. ಇಷ್ಟಕ್ಕಿಂತ ಜಾಸ್ತಿ ದುಡಿಸಬೇಡಿ ಅನ್ನುವ ಗೆರೆಯೇ ಅಷ್ಟು ಮೇಲಿದೆ. ಹಡಗಿನ ಕಂಪನಿ ಅಮೆರಿಕದ್ದಿರಬಹುದು, ಆದರೆ ಹಡಗನ್ನು ಬಹಾಮಾಸ್‌ನಲ್ಲೋ ಪನಾಮಾದಲ್ಲೋ ನೋಂದಾಯಿಸಿರುತ್ತಾರೆ, ಹಾಗಾಗಿ ಅಮೆರಿಕದ ಕನಿಷ್ಠ ಕೂಲಿಯ ಕಾನೂನು ಆ ಹುಡುಗನಿಗೆ ತಾಗುವುದಿಲ್ಲ. ಅಂಥ ಹಡಗುಗಳಲ್ಲಿ ಕ್ಯಾಬಿನ್‌ನವರ, ಊಟ ಬಡಿಸುವವರ ಕೈಗೆ ಬರುವ ದುಡ್ಡಿನಲ್ಲಿ ದೊಡ್ಡ ಪಾಲು ನಾವು ಬಿಲ್ಲಿನಲ್ಲಿ ನೋಡಿ ಗಾಬರಿಯಾದ ಆ ಸಾಲಿನಿಂದಲೇ ಬರುವುದು.

ಇದೆಲ್ಲ ನನಗೆ ಆ ಸಂಜೆ ಗೊತ್ತಿರಲಿಲ್ಲ, ಊರಿಗೆ ಬಂದ ಮೇಲೆ ಓದಿ ತಿಳಿದದ್ದು. ಆ ಸಂಜೆ ನಾನು ಕಾಕಾ ಜೊತೆ ಗೆಸ್ಟ್ ಸರ್ವಿಸ್ ಕೌಂಟರ್ ಮುಂದೆ ಸಾಲಿನಲ್ಲಿದ್ದೆ. ನಮ್ಮ ಮುಂದೆ ನಾಲ್ಕು ಕುಟುಂಬ, ಅದರಲ್ಲಿ ಮೂರು ನಮ್ಮ ದೇಶದವೇ, ಎಲ್ಲರದ್ದೂ ಇದೇ ಕೆಲಸ. ಕೌಂಟರಿನ ಹುಡುಗಿ ಯಾರ ಜೊತೆಗೂ ವಾದ ಮಾಡಲಿಲ್ಲ. "ಸೇವೆಯಲ್ಲಿ ಏನಾದರೂ ತೊಂದರೆ ಆಯಿತಾ?" ಅಂತ ಒಂದೇ ಪ್ರಶ್ನೆ. ಮುಂದಿನವರು ಇಲ್ಲ ಅಂದರು. ಅವಳು ತೆಗೆದುಕೊಟ್ಟಳು. ಎರಡು ನಿಮಿಷದ ಕೆಲಸ.

ಅಷ್ಟರಲ್ಲಿ ಅವ್ವ ಮಗಳ ಕೈ ಹಿಡಿದುಕೊಂಡು ಅಲ್ಲಿಗೆ ಬಂದಳು. ಏನು ನಡೆಯುತ್ತಿದೆ ಅಂತ ಕೇಳಿದಳು, ಕಾಕಾ ಹೇಳಿದರು.

"ವೈನಿ, ಬರೀ ಟಿಪ್ಸೇ 55 ಸಾವಿರ ಆಗ್ಯದರಿ. ನಾವೇನು ಕೊಡಂಗಿಲ್ಲ ಅನ್ನಾಕತ್ತಿಲ್ಲ. ಆ ಹುಡುಗಗ ಕೈಯಾಗ ಕೊಟ್ಟರಾತು."

"ಅಂವಗ ಕೊಟ್ಟಿ. ಅರವಿ ಒಗದಾಂವಗ?"

ಕಾಕಾ ಸುಮ್ಮನಾದರು.

"ಪ್ಲೇಟ್ ತೊಳದಾಂವ ಯಾರು ಅಂತ ನೀ ನೋಡೀಯೇನು? ಕಣದಾಗ ಆಯ ಕೊಡೂವಾಗ ನಮ್ಮಪ್ಪ ಮುಖಾ ನೋಡಿ ಕೊಡ್ತಿದ್ನೇನಪಾ? ರಾಶಿ ಮನಿಗೆ ಹೋಗೂಕಿಂತ ಮೊದಲ ಆಯ. ಅದು ಅವರದು. ಅದರಾಗ ನಮ್ಮದೇನೈತಿ ತಗಸಾಕ?"

ಅವ್ವನ ತವರು ರೋಣದ ಕಡೆ, ಎರೆ ಹೊಲ. ಅವಳು ಚಿಕ್ಕವಳಿದ್ದಾಗ ಬಡಿಗ, ಕಮ್ಮಾರ, ಕುಂಬಾರ, ಹಡಪದ, ಅಗಸ ಇವರೆಲ್ಲ ವರ್ಷಪೂರ್ತಿ ರೈತರ ಮನೆಗೆ ಕೆಲಸ ಮಾಡಿಕೊಡುತ್ತಿದ್ದರು, ಆ ಹೊತ್ತಿಗೆ ದುಡ್ಡು ತಗೊಳ್ಳುತ್ತಿರಲಿಲ್ಲ. ಕೂರಿಗೆ ಮುರಿದರೆ ಬಡಿಗ ಬರುತ್ತಿದ್ದ, ಕುಡ ಸವೆದರೆ ಕಮ್ಮಾರ ಬಡಿದುಕೊಡುತ್ತಿದ್ದ. ಜೋಳದ ರಾಶಿ ಆದ ದಿನ ಅವರೆಲ್ಲ ಕಣಕ್ಕೆ ಬಂದು ನಿಲ್ಲುತ್ತಿದ್ದರು. ಮೊರ ತುಂಬಿ ತುಂಬಿ ಒಬ್ಬೊಬ್ಬರಿಗೂ ಅವರ ಪಾಲು ಹಾಕಿದ ಮೇಲೆಯೇ ಚೀಲ ಕಟ್ಟಿ ಗಾಡಿಗೆ ಏರಿಸುವುದು. ಅದು ಆಯ, ತಗೊಳ್ಳುವವರು ಆಯಗಾರರು. ಅದನ್ನು ಯಾರೂ ದಾನ ಅನ್ನುತ್ತಿರಲಿಲ್ಲ.

ಆ ಪದ್ಧತಿಯನ್ನು ನಾನು ಹೊಗಳುತ್ತಿಲ್ಲ. ಜಾತಿಗೆ ಕಟ್ಟಿದ ಪದ್ಧತಿ ಅದು. ಕೆಲವರಿಗೆ ಮೊರ ತುಂಬ ಕಾಳು, ಕೆಲವರು ಕಣದ ಅಂಚಿನಲ್ಲಿ ದೂರ ನಿಂತು ಸೆರಗು ಒಡ್ಡಬೇಕಿತ್ತು, ಅವರಿಗೆ ಮಣ್ಣಿನ ಜೊತೆ ಗುಡಿಸಿದ ಕಾಳು. ಇದನ್ನೂ ನನಗೆ ಅವ್ವನೇ ಹೇಳಿದ್ದು, ಹೇಳುವಾಗ ಅವಳ ದನಿ ಕೆಳಗಿಳಿಯುತ್ತದೆ. ಬೆಳೆ ಹೋದ ವರ್ಷ ಆಯವೂ ಹೋಗುತ್ತಿತ್ತು, ಆ ಮನೆಗಳು ಏನು ಉಣ್ಣುತ್ತಿದ್ದವು ಅಂತ ಯಾರೂ ಕೇಳುತ್ತಿರಲಿಲ್ಲ. ಹಡಗಿನ ಟಿಪ್ಸ್‌ನಲ್ಲೂ ಇದೇ ತೊಡಕು ಇದೆ ಅನ್ನಿಸುತ್ತದೆ. ಕೆಲಸ ಕೊಟ್ಟವರು ಸಂಬಳವನ್ನು ನೇರವಾಗಿ ತಾವೇ ಕೊಡಬೇಕು. ಪ್ರಯಾಣಿಕರ ಮನಸ್ಸಿಗೆ, ಕೌಂಟರಿನ ಎರಡು ನಿಮಿಷಕ್ಕೆ ಅದನ್ನು ಬಿಡಬಾರದು. ಬ್ರಿಟನ್ನಿನ ಪಿ ಅಂಡ್ ಒ ಕ್ರೂಸಸ್ 2019ರಲ್ಲಿ ದಿನದ ಟಿಪ್ಸ್ ತೆಗೆದು ಟಿಕೆಟ್ ದರದೊಳಗೇ ಸೇರಿಸಿತು. ಎಲ್ಲರೂ ಹಾಗೆ ಮಾಡಲಿ. ಟಿಕೆಟ್ಟಿಗೆ ಒಬ್ಬರ ಮೇಲೆ ಆರು ಸಾವಿರ ಜಾಸ್ತಿ ಇದ್ದಿದ್ದರೆ ನಾವು ಅದನ್ನೂ ಕೊಟ್ಟೇ ಹೋಗುತ್ತಿದ್ದೆವು, ಯಾರಿಗೂ ನೋವಾಗುತ್ತಿರಲಿಲ್ಲ.

ಆದರೆ ಅದು ಸರಿಹೋಗುವ ತನಕ ನಾವು ಆ ಸಾಲನ್ನು ತೆಗೆಸಿದರೆ ಕಂಪನಿಗೆ ಏನೂ ತಟ್ಟುವುದಿಲ್ಲ, ಆ ಒಡೆದ ಬೆರಳುಗಳಿಗೆ ತಟ್ಟುತ್ತದೆ. ಆ ದುಡ್ಡು ಕ್ಯಾಬಿನ್‌ನವರು, ಬಡಿಸುವವರು, ತೆರೆಮರೆಯಲ್ಲಿ ದುಡಿಯುವವರು ಎಲ್ಲರಿಗೂ ಹಂಚಿಹೋಗುತ್ತದೆ. ತೆಗೆಸಿ ಕೈಯಲ್ಲಿ ಕೊಟ್ಟರೂ ಕೆಲವು ಕಂಪನಿಗಳಲ್ಲಿ ಆ ಹಣವನ್ನು ಅವರು ಒಟ್ಟು ಗಂಟಿಗೆ ಹಾಕಬೇಕಾಗುತ್ತದೆ. ಕೆಲಸ ನಿಜವಾಗಿಯೂ ಚೆನ್ನಾಗಿಲ್ಲದಿದ್ದರೆ ಎರಡನೇ ದಿನವೇ ಮೇಲ್ವಿಚಾರಕರಿಗೆ ಹೇಳಿ, ಸರಿ ಮಾಡುತ್ತಾರೆ. ಕೊನೆಯ ಸಂಜೆ ಬಂದು ದುಡ್ಡು ಕಿತ್ತುಕೊಳ್ಳುವುದು ದೂರು ಅಲ್ಲ.

ಕಾಕಾ ಸ್ವಲ್ಪ ಹೊತ್ತು ಫೋನನ್ನೇ ನೋಡುತ್ತಾ ನಿಂತರು. ಆಮೇಲೆ "ನಡಿರಿ ವೈನಿ" ಅಂದರು. ಸಾಲು ಬಿಟ್ಟು ಬಂದೆವು.

ರಾತ್ರಿ ಪೆಟ್ಟಿಗೆಗಳಿಗೆ ಚೀಟಿ ಕಟ್ಟಿ ಕಾರಿಡಾರಿನಲ್ಲಿ ಇಟ್ಟ ಮೇಲೆ ಅವ್ವ ನನ್ನ ಹತ್ತಿರ 50 ಸಿಂಗಪುರ ಡಾಲರಿನ ಒಂದು ನೋಟು ಕೇಳಿದಳು. ಕವರಿಗೆ ಹಾಕಿ, "ಬರೀ ಸೊನ್ನಿ ಕೊಡಬಾರದು, ಮ್ಯಾಲೊಂದು ಇರಬೇಕು" ಅಂತ ಮತ್ತೊಂದು ಡಾಲರಿನ ನಾಣ್ಯ ಕೇಳಿದಳು. ಯಾರ ಹತ್ತಿರವೂ ಇರಲಿಲ್ಲ. ಮಗಳು ಸಿಂಗಪುರದ ನೆನಪಿಗೆ ಅಂತ ಒಂದು ಇಟ್ಟುಕೊಂಡಿದ್ದಳು, ಸ್ವಲ್ಪ ಯೋಚಿಸಿ ತಂದುಕೊಟ್ಟಳು. ಹುಡುಗ ಬಂದಾಗ ಅವ್ವ ಎರಡೂ ಕೈಯಿಂದ ಕೊಟ್ಟಳು. ಅವನೂ ಎರಡೂ ಕೈಯಿಂದ ತಗೊಂಡು ಹಣೆಗೆ ಒತ್ತಿಕೊಂಡ.

ಬೆಳಿಗ್ಗೆ ಏಳಕ್ಕೆಲ್ಲ ಹಡಗು ದಡ ಮುಟ್ಟಿತ್ತು. ಅದೇ ಮಧ್ಯಾಹ್ನ ಹೊಸ ಪ್ರಯಾಣಿಕರು ಹತ್ತುತ್ತಾರೆ, ಅಷ್ಟರಲ್ಲಿ ಹದಿನಾರೂ ರೂಮು ತಯಾರಾಗಬೇಕು. ಕಾರಿಡಾರ್ ತುಂಬ ಒಗೆಯುವ ಬಟ್ಟೆಯ ಗಂಟುಗಳು, ತಳ್ಳುಗಾಡಿಗಳು. ಅವ್ವನನ್ನು ಕರೆಯಲು ಹೋದರೆ ಅವಳು ಮಂಚದ ಪಕ್ಕ ಬಗ್ಗಿ ನಿಂತಿದ್ದಳು. ಎರಡೂ ಹಾಸಿಗೆಯ ಚಾದರ ಕಿತ್ತು, ದಿಂಬಿನ ಕವರು ಕಳಚಿ, ಒದ್ದೆ ಟವೆಲ್ ಬೇರೆ, ಒಣಗಿದ್ದು ಬೇರೆ ಮಾಡಿ ಬಾಗಿಲ ಹತ್ತಿರ ಇಟ್ಟಿದ್ದಳು. ಟವೆಲಿನ ಆನೆ ಮಾತ್ರ ಟೇಬಲ್ ಮೇಲೆ ಹಾಗೇ ಇತ್ತು. ಹುಡುಗ ಬಾಗಿಲಿಗೆ ಬಂದವನು "ಅರೇ ಮಾಜೀ, ಆಪ್ ಕ್ಯೂಂ?" ಅಂದ. ಅವ್ವ ಸೊಂಟಕ್ಕೆ ಕೈ ಕೊಟ್ಟು ನಿಧಾನವಾಗಿ ನೆಟ್ಟಗೆ ನಿಂತು, ಇನ್ನು ಹದಿನೈದು ಅಂತ ಬೆರಳು ಮಾಡಿ ತೋರಿಸಿದಳು.